ಅಮೆರಿಕಕ್ಕೆ ಹೊರಟಿದ್ದೀರಿ, ವಿಮಾನದ ಭಯ ಬಿಡುತ್ತಿಲ್ಲ: ಪದೇ ಪದೇ ಕೇಳುವ ಪ್ರಶ್ನೆಗಳು

ಮಗಳ ಬಾಣಂತನಕ್ಕೆಂದೋ ಮೊಮ್ಮಗುವನ್ನು ನೋಡಲೆಂದೋ ನಮ್ಮ ಕಡೆಯ ಎಷ್ಟೋ ಅಪ್ಪ ಅಮ್ಮಂದಿರು ಅಮೆರಿಕಕ್ಕೆ ಹೊರಡುತ್ತಾರೆ. ವೀಸಾ ಸಿಕ್ಕ ಖುಷಿ ಒಂದು ವಾರ ಇರುತ್ತದೆ. ಆಮೇಲೆ ರಾತ್ರಿ ನಿದ್ದೆ ಹತ್ತುವುದಿಲ್ಲ. ನೆಂಟರು, ಗೆಳತಿಯರ ಅಪ್ಪ ಅಮ್ಮಂದಿರು ಮತ್ತು ಅವರ ಮಕ್ಕಳು ನನ್ನನ್ನು ಮತ್ತೆ ಮತ್ತೆ ಕೇಳಿರುವ ಪ್ರಶ್ನೆಗಳು ಇಲ್ಲಿವೆ. ನಾನು ವೈದ್ಯೆ ಅಲ್ಲ, ಭಯ ಇಟ್ಟುಕೊಂಡೇ ಹಾರುವವಳು. ಮಾತ್ರೆ ಮತ್ತು ಕಾಯಿಲೆಯ ವಿಷಯದಲ್ಲಿ ನಿಮ್ಮ ವೈದ್ಯರು ಹೇಳಿದ್ದನ್ನೇ ಕೇಳಿ.

ಭಯ ಪೂರ್ತಿ ಹೋದ ಮೇಲೆ ಟಿಕೆಟ್ ಮಾಡಿಸೋಣ ಅಂದುಕೊಂಡಿದ್ದೇನೆ. ಸರಿಯಾ?

ಹಾಗೆ ಕಾಯುತ್ತಾ ಕೂತರೆ ಭಯ ಬೆಳೆಯುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಪ್ರತಿ ಸಲ "ಈ ವರ್ಷ ಬೇಡ" ಅಂದಾಗ ಮನಸ್ಸಿಗೆ ತಕ್ಷಣ ಹಗುರ ಅನಿಸುತ್ತದೆ. ತೊಂದರೆ ಇರುವುದೇ ಅಲ್ಲಿ. ಹೋಗದೇ ಇದ್ದಿದ್ದಕ್ಕೇ ಬಚಾವಾದೆ ಎಂದು ಮನಸ್ಸು ಕಲಿತುಬಿಡುತ್ತದೆ, ಮುಂದಿನ ಸಲ ಇನ್ನೂ ಗಟ್ಟಿಯಾಗಿ ಹಿಡಿದು ಎಳೆಯುತ್ತದೆ. ಭಯ ಇದ್ದಾಗಲೇ ಹಾರಿ, ಕ್ಷೇಮವಾಗಿ ಇಳಿದಾಗ ಮಾತ್ರ ಅದು ಸ್ವಲ್ಪ ಸ್ವಲ್ಪವಾಗಿ ಸಡಿಲವಾಗುತ್ತದೆ. ಹಾಗಾಗಿ ಹೆದರಿಕೆ ಇಲ್ಲದೆ ಹೋಗಬೇಕು ಎಂಬ ಹಟ ಬಿಡಿ. ಹೆದರಿಕೆ ಜೊತೆಗೇ ಬರಲಿ, ನೀವು ಸೀಟಿನಲ್ಲಿ ಕೂತು ತಲುಪಿದರೆ ಸಾಕು. ಕೈ ನಡುಗಿದರೂ ಪರವಾಗಿಲ್ಲ, ಅಳು ಬಂದರೂ ಪರವಾಗಿಲ್ಲ.

ಯಾವುದರ ಭಯ ಅಂತ ನನಗೇ ಗೊತ್ತಾಗುತ್ತಿಲ್ಲ. ಹೇಗೆ ತಿಳಿಯುವುದು?

ಒಂದು ಹಾಳೆ ತೆಗೆದುಕೊಳ್ಳಿ. ಮನೆ ಬಿಡುವುದರಿಂದ ಹಿಡಿದು ಆ ಕಡೆ ಮಗ ಬಂದು ಕೈ ಹಿಡಿಯುವವರೆಗೆ ಒಂದೊಂದೇ ಹಂತ ಬರೆಯಿರಿ. ಯಾವ ಸಾಲಿಗೆ ಬಂದಾಗ ಹೊಟ್ಟೆ ಹಿಂಡುತ್ತದೆ ನೋಡಿ.

ಕೆಲವರಿಗೆ ವಿಮಾನ ಬೀಳುತ್ತದೆ ಎಂಬ ಭಯ. ಕೆಲವರಿಗೆ ಅಷ್ಟು ಹೊತ್ತು ಬಾಗಿಲು ಮುಚ್ಚಿದ ಜಾಗದಲ್ಲಿ ಇರಬೇಕಲ್ಲ ಎಂಬುದು. ಇನ್ನು ಮೊದಲ ಸಲ ಹೋಗುವ ಹಿರಿಯರಲ್ಲಿ ನಾನು ಹೆಚ್ಚಾಗಿ ನೋಡಿರುವುದು ಬೇರೆಯೇ: ದುಬೈನಲ್ಲೋ ಫ್ರಾಂಕ್‌ಫರ್ಟ್‌ನಲ್ಲೋ ದಾರಿ ತಪ್ಪಿದರೆ ಏನು ಮಾಡುವುದು, ಇಂಗ್ಲಿಷ್ ಅರ್ಥವಾಗದಿದ್ದರೆ ಹೇಗೆ, ಎಸ್ಕಲೇಟರ್ ಹತ್ತಲು ಬರುವುದಿಲ್ಲವಲ್ಲ, ಪದೇ ಪದೇ ಟಾಯ್ಲೆಟ್‌ಗೆ ಎದ್ದರೆ ಪಕ್ಕದವರು ಏನಂದುಕೊಳ್ಳುತ್ತಾರೋ. ಇವನ್ನು ಹೇಳಿಕೊಳ್ಳಲು ನಾಚಿಕೆ. ಅದಕ್ಕೆ "ನನಗೆ ವಿಮಾನ ಆಗಲ್ಲ" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಆದರೆ ಇವೆಲ್ಲ ಪರಿಹಾರ ಇರುವ ಭಯಗಳು. ಟಿಕೆಟ್ ಮಾಡಿಸುವಾಗಲೇ ವೀಲ್‌ಚೇರ್ ಸಹಾಯ ಕೇಳಿದರೆ ವಿಮಾನ ಬದಲಿಸುವ ಊರಿನಲ್ಲಿ ಸಿಬ್ಬಂದಿಯೇ ಮುಂದಿನ ಗೇಟಿನವರೆಗೆ ಕರೆದುಕೊಂಡು ಹೋಗುತ್ತಾರೆ. ಮಂಡಿನೋವು, ದೂರ ನಡೆಯಲು ಆಗದು ಎನ್ನುವವರು ಸಂಕೋಚಪಡದೆ ಕೇಳಿ.

ವಿಮಾನ ಅಲ್ಲಾಡಿದಾಗ ಜೀವ ಹೋದಂತಾಗುತ್ತದೆ. ಅದು ಕೆಳಗೆ ಬೀಳುವುದಿಲ್ವಾ?

ಅತಿ ಹೆಚ್ಚು ಜನ ಕೇಳುವುದು ಇದನ್ನೇ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಓಡುವ ಬಸ್ಸಿನ ಕಿಟಕಿ ಹತ್ತಿರ ಅಂಗೈ ಒಡ್ಡಿದರೆ ಗಾಳಿ ಎಷ್ಟು ಜೋರಾಗಿ ತಳ್ಳುತ್ತದೆ, ಅಲ್ವಾ? ಅದು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ. ವಿಮಾನ ಹೋಗುವುದು ಗಂಟೆಗೆ ಸುಮಾರು 900 ಕಿಲೋಮೀಟರ್ ವೇಗದಲ್ಲಿ. ಮೇಲೆ ಗಾಳಿ ತೆಳು ನಿಜ, ಆದರೂ ಆ ವೇಗಕ್ಕೆ ಅದು ರೆಕ್ಕೆಗಳನ್ನು ಗಟ್ಟಿಯಾಗಿ ಎತ್ತಿ ಹಿಡಿದಿರುತ್ತದೆ. ವಿಮಾನ ಖಾಲಿ ಜಾಗದಲ್ಲಿ ನೇತಾಡುತ್ತಿಲ್ಲ. "ಏರ್ ಪಾಕೆಟ್" ಅಂತ ಜನ ಹೇಳುವ ಗಾಳಿಯಿಲ್ಲದ ಗುಂಡಿ ಆಕಾಶದಲ್ಲಿ ಎಲ್ಲೂ ಇಲ್ಲ. ಬೇರೆ ಬೇರೆ ವೇಗದ ಗಾಳಿ ಒಂದಕ್ಕೊಂದು ಉಜ್ಜಿದಾಗ, ಬೆಟ್ಟಸಾಲಿನ ಮೇಲೆ ಗಾಳಿ ಹಾದಾಗ, ದೊಡ್ಡ ಮೋಡಗಳ ಹತ್ತಿರ ಬಿಸಿ ಗಾಳಿ ಮೇಲೇಳುವಾಗ ಕುಲುಕಾಟ ಆಗುತ್ತದೆ. ಅದಕ್ಕೇ ಟರ್ಬ್ಯುಲೆನ್ಸ್ ಎನ್ನುವುದು. ನೂರಾರು ಅಡಿ ಬಿದ್ದಂತೆ ಅನಿಸಿದರೂ ಸಾಮಾನ್ಯವಾಗಿ ವಿಮಾನ ಮೇಲೆ ಕೆಳಗೆ ಆಗಿರುವುದು ಕೆಲವೇ ಅಡಿ.

ಕಿಟಕಿಯಿಂದ ನೋಡಿದಾಗ ರೆಕ್ಕೆ ಮೇಲೆ ಕೆಳಗೆ ಬಾಗುವುದು ಕಾಣುತ್ತದೆ. ಹೆದರಬೇಡಿ, ಬಾಗಲೆಂದೇ ಮಾಡಿದ್ದಾರೆ. ಬೋಯಿಂಗ್ 787 ವಿಮಾನವನ್ನು 2010ರಲ್ಲಿ ಪರೀಕ್ಷೆ ಮಾಡಿದಾಗ, ಹಾರಾಟದಲ್ಲಿ ಎದುರಾಗಬಹುದಾದ ಅತಿ ಹೆಚ್ಚಿನ ಭಾರದ ಒಂದೂವರೆ ಪಟ್ಟು ಹಾಕಿ ರೆಕ್ಕೆಗಳನ್ನು ಸುಮಾರು 25 ಅಡಿ ಮೇಲಕ್ಕೆ ಬಾಗಿಸಿದರು.

ಟರ್ಬ್ಯುಲೆನ್ಸ್‌ನಿಂದ ಅಪಾಯವೇ ಇಲ್ಲ ಎಂದು ನಾನು ಹೇಳುವುದಿಲ್ಲ. 2024ರ ಮೇ ತಿಂಗಳಲ್ಲಿ ಲಂಡನ್‌ನಿಂದ ಸಿಂಗಪುರಕ್ಕೆ ಹೊರಟಿದ್ದ ಸಿಂಗಪುರ್ ಏರ್‌ಲೈನ್ಸ್ ವಿಮಾನ ಮ್ಯಾನ್ಮಾರ್ ಮೇಲೆ ಜೋರಾಗಿ ಕುಲುಕಿತು. ಪ್ರಯಾಣಿಕರೊಬ್ಬರು ತೀರಿಕೊಂಡರು, ಅದು ಹೃದಯಾಘಾತ ಇರಬಹುದು ಎಂದರು. ಹಲವರಿಗೆ ಗಾಯಗಳಾದವು. ಆದರೆ ವಿಮಾನ ಬ್ಯಾಂಕಾಕ್‌ನಲ್ಲಿ ಸರಿಯಾಗಿಯೇ ಇಳಿಯಿತು. ಕುಲುಕಾಟದಲ್ಲಿ ಪೆಟ್ಟಾಗುವುದು ಹೆಚ್ಚಾಗಿ ಬೆಲ್ಟ್ ಹಾಕದೆ ಕೂತವರಿಗೆ ಮತ್ತು ಓಡಾಡುತ್ತಿದ್ದವರಿಗೆ. ಆದ್ದರಿಂದ ಬೆಲ್ಟ್ ದೀಪ ಆರಿದ್ದರೂ ಕೂತಿರುವಷ್ಟು ಹೊತ್ತು ಬೆಲ್ಟ್ ಹಾಕಿರಲಿ. ಮಲಗುವಾಗ ಕಂಬಳಿಯ ಮೇಲೆ ಹಾಕಿಕೊಳ್ಳಿ. ಬೆಲ್ಟ್ ನೋಡಬೇಕೆಂದು ಯಾರೂ ನಿಮ್ಮನ್ನು ಎಬ್ಬಿಸುವುದಿಲ್ಲ.

ಮೇಲೇರಿದ ಒಂದೆರಡು ನಿಮಿಷಕ್ಕೆ ಎಂಜಿನ್ ಸದ್ದು ನಿಂತಂತೆ ಆಗುತ್ತದಲ್ಲ, ಅದು ಯಾಕೆ?

ಅದು ನಿಂತಿರುವುದಿಲ್ಲ. ನೆಲ ಬಿಡಲು ಬಹಳ ಶಕ್ತಿ ಬೇಕು. ಸಾವಿರ, ಒಂದೂವರೆ ಸಾವಿರ ಅಡಿ ಏರಿದ ಮೇಲೆ ಅಷ್ಟು ಬೇಡ. ಆಗ ಎಂಜಿನ್‌ನ ಶಕ್ತಿ ತಗ್ಗಿಸುತ್ತಾರೆ. ಸದ್ದು ಇಳಿಯುತ್ತದೆ, ದೇಹಕ್ಕೆ ಕೆಳಗೆ ಜಾರಿದಂತೆ ಅನಿಸುತ್ತದೆ. ವಿಮಾನ ಮಾತ್ರ ಏರುತ್ತಲೇ ಇರುತ್ತದೆ.

ಬೇರೆ ಸದ್ದುಗಳನ್ನೂ ಮೊದಲೇ ತಿಳಿದುಕೊಳ್ಳಿ. ನೆಲ ಬಿಟ್ಟ ಕೆಲವೇ ಕ್ಷಣಕ್ಕೆ ಕೆಳಗಿನಿಂದ "ಧಡ್" ಅನ್ನುತ್ತದೆ: ಚಕ್ರಗಳು ಒಳಗೆ ಹೋಗಿ ಬಾಗಿಲು ಮುಚ್ಚಿದ ಸದ್ದು. ರೆಕ್ಕೆ ಕಡೆಯಿಂದ "ಗುಂಯ್" ಎಂದು ಮೋಟಾರಿನ ಸದ್ದು ಬರುತ್ತದೆ: ರೆಕ್ಕೆಯ ಹಿಂಭಾಗದ ಪಟ್ಟಿಗಳು ಒಳಗೆ ಸರಿಯುತ್ತಿವೆ. ಇಳಿಯುವ ಮುಂಚೆ ಈ ಎರಡೂ ಮತ್ತೆ ಕೇಳಿಸುತ್ತವೆ, ಆಗ ಚಕ್ರ ಹೊರಗೆ ಬರುತ್ತದೆ. "ಟಿಂಗ್" ಎಂಬ ಗಂಟೆ ಬಹುತೇಕ ಸಲ ಯಾರೋ ನೀರು ಕೇಳಿದ್ದಕ್ಕೋ ಬೆಲ್ಟ್ ದೀಪ ಹತ್ತಿದ್ದಕ್ಕೋ ಆಗುತ್ತದೆ. ನೆಲ ಮುಟ್ಟಿದ ಮೇಲೆ ಬರುವ ಭಾರಿ ಗರ್ಜನೆ ವೇಗ ತಗ್ಗಿಸಲು ಎಂಜಿನ್‌ನ ಗಾಳಿಯನ್ನು ಮುಂದಕ್ಕೆ ತಿರುಗಿಸಿದ್ದರಿಂದ. ಇವನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಕೇಳಿಸಿದ ಹಾಗೆ ಒಂದೊಂದಕ್ಕೇ ಗುರುತು ಹಾಕಿ. ನಾನು ಈಗಲೂ ಹಾಗೆ ಮಾಡುತ್ತೇನೆ. ಸದ್ದಿಗೆ ಹೆದರುವ ಬದಲು ಅದು ಯಾವಾಗ ಬರುತ್ತದೆ ಎಂದು ಕಾಯುವಂತಾಗುತ್ತದೆ.

ಸಮುದ್ರದ ಮೇಲೆ ಹೋಗುವಾಗ ಎಂಜಿನ್ ಕೆಟ್ಟರೆ?

ಎರಡು ಎಂಜಿನ್‌ನ ವಿಮಾನ ಒಂದರಲ್ಲೇ ಹಾರಬಲ್ಲದು, ಇಳಿಯಬಲ್ಲದು. ಒಂದು ಕೆಟ್ಟರೆ ಇನ್ನೊಂದರಲ್ಲಿ ಎಷ್ಟು ಹೊತ್ತಿನೊಳಗೆ ವಿಮಾನ ನಿಲ್ದಾಣ ಸಿಗಬೇಕು ಎಂದು ಲೆಕ್ಕ ಹಾಕಿಯೇ ದಾರಿ ಗೊತ್ತು ಮಾಡುತ್ತಾರೆ. ಬೋಯಿಂಗ್ 787ಕ್ಕೆ ಈ ಮಿತಿ 330 ನಿಮಿಷದವರೆಗೂ ಇದೆ, ಅಂದರೆ ಐದೂವರೆ ಗಂಟೆ.

ಎರಡೂ ನಿಂತರೆ? ಬಹಳ ಅಪರೂಪ. ಆಗಲೂ ವಿಮಾನ ಕಲ್ಲಿನಂತೆ ಬೀಳುವುದಿಲ್ಲ, ತೇಲಿಕೊಂಡು ಮುಂದೆ ಹೋಗುತ್ತದೆ. 2001ರಲ್ಲಿ ಏರ್ ಟ್ರಾನ್ಸಾಟ್‌ನ ಏರ್‌ಬಸ್ ಎ330 ಅಟ್ಲಾಂಟಿಕ್ ಸಾಗರದ ಮೇಲೆ ಇಂಧನ ಸೋರಿ ಎರಡೂ ಎಂಜಿನ್ ಕಳೆದುಕೊಂಡಿತು. ಸುಮಾರು 19 ನಿಮಿಷ ಹಾಗೇ ತೇಲಿ ಅಜೋರ್ಸ್ ದ್ವೀಪದಲ್ಲಿ ಇಳಿಯಿತು. ಒಳಗಿದ್ದ 306 ಜನರೂ ಬದುಕಿದರು.

ಮಂಗಳೂರು, ಅಹಮದಾಬಾದ್ ದುರಂತಗಳು ಕಣ್ಣ ಮುಂದೆ ಬರುತ್ತವೆ. ಏನು ಮಾಡಲಿ?

ಬಂದೇ ಬರುತ್ತವೆ. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನ ಸತ್ತರು. ಕರಾವಳಿಯ ಎಷ್ಟೋ ಮನೆಗಳಲ್ಲಿ ಆ ನೋವು ಇನ್ನೂ ಇದೆ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ವಿಮಾನದಲ್ಲಿದ್ದ 242 ಜನರಲ್ಲಿ ಒಬ್ಬರು ಮಾತ್ರ ಉಳಿದರು. ಅದರ ವಿಡಿಯೊ ನಮ್ಮೆಲ್ಲರ ಮೊಬೈಲ್‌ಗೂ ಬಂತು. ಅದನ್ನು ನೋಡಿದವರಿಗೆ "ಸುಮ್ನೆ ಹೆದರಬೇಡಿ" ಎಂದು ಹೇಳುವುದು ನನಗೆ ಸರಿ ಅನಿಸುವುದಿಲ್ಲ.

ಲೆಕ್ಕ ಹೀಗಿದೆ. 2024ರಲ್ಲಿ ಜಗತ್ತಿನಾದ್ಯಂತ 4 ಕೋಟಿಗೂ ಹೆಚ್ಚು ವಿಮಾನ ಹಾರಾಟಗಳು ನಡೆದವು. ಅವುಗಳಲ್ಲಿ ಸಾವು ಸಂಭವಿಸಿದ ಅಪಘಾತಗಳು 7. ನಮ್ಮ ದೇಶದ ರಸ್ತೆಗಳಲ್ಲಿ 2022ರ ಒಂದೇ ವರ್ಷ 1.68 ಲಕ್ಷ ಜನ ಸತ್ತರು. ಈ ಅಂಕಿಗಳು ತಲೆಗೆ ಹೋಗುತ್ತವೆ, ಹೊಟ್ಟೆಯ ತಳಮಳಕ್ಕೆ ಮುಟ್ಟುವುದಿಲ್ಲ. ತಳಮಳಕ್ಕೆ ಬೇರೆ ಉಪಾಯ ಬೇಕು: ಹೊರಡುವ ಎರಡು ಮೂರು ವಾರದಿಂದಲೇ ಅಪಘಾತದ ವಿಡಿಯೊ ನೋಡುವುದನ್ನು ಪೂರ್ತಿ ನಿಲ್ಲಿಸಿ. ಒಂದು ನೋಡಿದರೆ ಮೊಬೈಲ್ ಇನ್ನೂ ಹತ್ತು ತೋರಿಸುತ್ತದೆ. ಕುಟುಂಬದ ವಾಟ್ಸಾಪ್ ಗುಂಪಿಗೂ ಇಂಥವನ್ನು ಹಾಕಬೇಡಿ ಎಂದು ಹೇಳಿಬಿಡಿ.

ಇನ್ನೊಂದು ಮಾತು. ಮಂಗಳೂರಿನ ದುರಂತದ ತನಿಖೆಯಲ್ಲಿ ಮುಖ್ಯವಾಗಿ ಹೊರಬಂದದ್ದು, ಸರಿಯಾಗಿ ಹೊಂದದಿದ್ದ ಇಳಿಯುವಿಕೆಯನ್ನು ಕ್ಯಾಪ್ಟನ್ ಕೈಬಿಡಲಿಲ್ಲ ಎಂಬುದು. ಆಗ ಮಾಡಬೇಕಿದ್ದದ್ದು ಮತ್ತೆ ಮೇಲೇರುವುದು. ಅದಕ್ಕೆ ಗೋ ಅರೌಂಡ್ ಎನ್ನುತ್ತಾರೆ. ನಿಮ್ಮ ವಿಮಾನ ಇನ್ನೇನು ನೆಲ ಮುಟ್ಟಬೇಕು ಎನ್ನುವಾಗ ಜೋರು ಸದ್ದು ಮಾಡಿ ಮತ್ತೆ ಮೇಲೆದ್ದರೆ ಎದೆ ಧಸಕ್ಕೆನ್ನುತ್ತದೆ. ಆಗ ಇದನ್ನು ನೆನಪಿಟ್ಟುಕೊಳ್ಳಿ: ಪೈಲಟ್ ಅನುಮಾನ ಬಂದ ಕೂಡಲೇ ಸುರಕ್ಷಿತವಾದ ದಾರಿ ಹಿಡಿದಿದ್ದಾರೆ. ಇದನ್ನು ಅವರು ಸಿಮ್ಯುಲೇಟರ್‌ನಲ್ಲಿ ಮತ್ತೆ ಮತ್ತೆ ಅಭ್ಯಾಸ ಮಾಡಿರುತ್ತಾರೆ.

ಒಳಗೆ ಉಸಿರು ಕಟ್ಟುತ್ತದೆ ಅನಿಸುತ್ತದೆ. ಗಾಳಿ ಸಾಕಾಗುತ್ತದಾ?

ಸಾಕಾಗುತ್ತದೆ. ಹೊರಗಿನ ಗಾಳಿ ಒಳಗೆ ಬರುತ್ತಲೇ ಇರುತ್ತದೆ, ಎರಡು ಮೂರು ನಿಮಿಷಕ್ಕೊಮ್ಮೆ ಒಳಗಿನ ಗಾಳಿ ಬದಲಾಗುತ್ತದೆ. ಒಳಗಿನ ಗಾಳಿಯ ಒತ್ತಡ ಬೋಯಿಂಗ್ 787, ಏರ್‌ಬಸ್ ಎ350 ವಿಮಾನಗಳಲ್ಲಿ ಸುಮಾರು 6,000 ಅಡಿ ಎತ್ತರದಲ್ಲಿ ಇರುವಷ್ಟು. ಮುಳ್ಳಯ್ಯನಗಿರಿಯ ತುದಿ ಅದಕ್ಕಿಂತ ಸ್ವಲ್ಪ ಎತ್ತರ. ಬೇರೆ ವಿಮಾನಗಳಲ್ಲಿ ಹೆಚ್ಚೆಂದರೆ 8,000 ಅಡಿಯಷ್ಟು, ಊಟಿಗಿಂತ ತುಸು ಮೇಲೆ. ಊಟಿಗೆ ಹೋಗಿ ಆರಾಮಾಗಿ ಓಡಾಡಿ ಬಂದಿದ್ದರೆ ಈ ಗಾಳಿ ನಿಮ್ಮ ದೇಹಕ್ಕೆ ತೀರಾ ಹೊಸದಲ್ಲ. ಆದರೆ ಶ್ವಾಸಕೋಶ ಅಥವಾ ಹೃದಯದ ತೊಂದರೆ, ರಕ್ತಹೀನತೆ ಇರುವವರು ಟಿಕೆಟ್ ಮಾಡಿಸುವ ಮೊದಲು ವೈದ್ಯರನ್ನು ಕೇಳಲೇಬೇಕು.

ಮಧ್ಯ ದಾರಿಯಲ್ಲಿ ಯಾರಾದರೂ ಬಾಗಿಲು ತೆಗೆದರೆ? ಸಿಡಿಲು ಹೊಡೆದರೆ?

ಮೇಲೆ ಹಾರುವಾಗ ಬಾಗಿಲು ತೆಗೆಯಲು ಯಾರಿಂದಲೂ ಆಗದು, ಒಳಗಿನ ಒತ್ತಡ ಅದನ್ನು ಚೌಕಟ್ಟಿಗೆ ಒತ್ತಿ ಹಿಡಿದಿರುತ್ತದೆ. ಸಿಡಿಲು ಹೊಡೆದರೆ ವಿದ್ಯುತ್ ವಿಮಾನದ ಹೊರಮೈ ಮೇಲೆ ಹರಿದು ಹೊರಟು ಹೋಗುವ ಹಾಗೆ ಕಟ್ಟಿರುತ್ತಾರೆ. ಒಂದು ಪ್ರಯಾಣಿಕ ವಿಮಾನಕ್ಕೆ ಸರಾಸರಿ ವರ್ಷಕ್ಕೊಮ್ಮೆ ಸಿಡಿಲು ತಾಗುತ್ತದೆ.

ಇದ್ದಕ್ಕಿದ್ದಂತೆ ಎದೆ ಹೊಡೆದುಕೊಂಡು, ಬೆವರಿ, ಈಗಲೇ ಇಳಿಯಬೇಕು ಅನಿಸಿದರೆ?

ಅದು ಪ್ಯಾನಿಕ್ ಅಟ್ಯಾಕ್. ಅಪಾಯ ಬಂತೆಂದು ದೇಹ ಅಡ್ರಿನಲಿನ್ ಸುರಿಸುತ್ತದೆ. ಸಾಮಾನ್ಯವಾಗಿ ಹತ್ತು ನಿಮಿಷದ ಒಳಗೆ ತಾರಕಕ್ಕೆ ಹೋಗಿ ಆಮೇಲೆ ಇಳಿಯುತ್ತದೆ. ಅದರಿಂದ ಸಾಯುವುದಿಲ್ಲ, ಹುಚ್ಚೂ ಹಿಡಿಯುವುದಿಲ್ಲ. ಅದನ್ನು ತಡೆಯಲು ಹೋದಷ್ಟೂ ಜಾಸ್ತಿಯಾಗುತ್ತದೆ. "ಬಂತು, ಹತ್ತು ನಿಮಿಷ ಇರುತ್ತದೆ, ಹೋಗುತ್ತದೆ" ಎಂದು ಹೇಳಿಕೊಂಡು ಗಡಿಯಾರ ನೋಡಿ.

ಜೊತೆಗೆ ಉಸಿರು. ಮೂಗಿನಿಂದ ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ನಿಧಾನವಾಗಿ ಹೊರಗೆ. ಹೊರಗೆ ಬಿಡುವುದು ಉದ್ದ ಇರಬೇಕು, ಗುಟ್ಟು ಅಷ್ಟೇ. ಪ್ರಾಣಾಯಾಮ ಮಾಡುವವರು ಒಂದು ಎಚ್ಚರ ವಹಿಸಿ: ಆ ಹೊತ್ತಿನಲ್ಲಿ ಕಪಾಲಭಾತಿ, ಭಸ್ತ್ರಿಕಾದಂಥ ವೇಗದ ಉಸಿರಾಟ ಬೇಡ. ಉಸಿರು ಜೋರಾದರೆ ತಲೆ ಸುತ್ತಿ, ಬೆರಳು ಜುಮ್ಮೆಂದು, ಭಯ ದುಪ್ಪಟ್ಟಾಗುತ್ತದೆ. ವಿಷ್ಣು ಸಹಸ್ರನಾಮ, ವಚನ, ದಾಸರ ಪದ, ಪ್ರಾರ್ಥನೆ, ನಿಮಗೆ ಬಾಯಿಪಾಠ ಇರುವ ಯಾವುದನ್ನಾದರೂ ಮೆಲ್ಲಗೆ ಹೇಳಿಕೊಳ್ಳಿ. ಉದ್ದದ ಸಾಲು ಹೇಳುವಾಗ ಉಸಿರು ತಾನಾಗಿಯೇ ನಿಧಾನವಾಗಿ ಹೊರಗೆ ಹೋಗುತ್ತದೆ. ನಮ್ಮ ಹಿರಿಯರಿಗೆ ಎಣಿಸುವುದಕ್ಕಿಂತ ಇದು ಸುಲಭ.

ಗುಂಡಿ ಒತ್ತಿ ಸಿಬ್ಬಂದಿಯನ್ನು ಕರೆಯಿರಿ. "ಐ ಆಮ್ ಸ್ಕೇರ್ಡ್" ಎಂದು ಎರಡು ಮಾತು ಸಾಕು. ಇನ್ನೂ ಒಳ್ಳೆಯದೆಂದರೆ ಹತ್ತುವಾಗಲೇ ಹೇಳಿಬಿಡುವುದು, ಆಗ ಅವರೇ ಆಗಾಗ ಬಂದು ಮಾತಾಡಿಸುತ್ತಾರೆ. ಎದೆನೋವು ಕೈಗೋ ದವಡೆಗೋ ಹರಡಿದರೆ, ಮೊದಲೇ ಹೃದಯದ ಕಾಯಿಲೆ ಇದ್ದರೆ, ಭಯ ಇರಬೇಕು ಎಂದು ಸುಮ್ಮನೆ ಕೂರಬೇಡಿ. ತಕ್ಷಣ ತಿಳಿಸಿ.

ಎಷ್ಟು ದಿನ ಮೊದಲು ತಯಾರಿ ಶುರು ಮಾಡಬೇಕು?

ಎರಡು ಮೂರು ತಿಂಗಳು ಇದ್ದರೆ ಚೆನ್ನ. ಉಸಿರಿನ ಅಭ್ಯಾಸವನ್ನು ಆರಾಮಾಗಿ ಇರುವಾಗಲೇ ದಿನಕ್ಕೆ ಎರಡು ಸಲ ಮಾಡಿ. ವಿಮಾನದಲ್ಲೇ ಮೊದಲ ಸಲ ಮಾಡಿದರೆ ಕೈಗೆ ಹತ್ತುವುದಿಲ್ಲ. ಲಿಫ್ಟ್, ಮೆಟ್ರೊ, ಮಾಲ್‌ನ ಎಸ್ಕಲೇಟರ್, ಯಾವುದಕ್ಕೆ ಹಿಂಜರಿಯುತ್ತೀರೋ ಅದರಲ್ಲಿ ಓಡಾಡಿ.

ದುಡ್ಡಿಗೆ ಅನುಕೂಲ ಇದ್ದರೆ ಒಂದು ಸಣ್ಣ ಹಾರಾಟ ಮಾಡಿಬಿಡಿ. ನನ್ನ ಪ್ರಕಾರ ಇದಕ್ಕೆ ಸಮನಾದ ಔಷಧ ಇಲ್ಲ. ಬೆಂಗಳೂರಿನಿಂದ ಮಂಗಳೂರು, ಹುಬ್ಬಳ್ಳಿ ಸುಮಾರು ಒಂದು ಗಂಟೆ. ಸಾಧ್ಯವಾದರೆ ಜೆಟ್ ವಿಮಾನವನ್ನೇ ಆರಿಸಿ. ಪ್ರೊಪೆಲ್ಲರ್ ಇರುವ ಎಟಿಆರ್ ಸುರಕ್ಷಿತವೇ, ಆದರೆ ಸದ್ದು, ನಡುಕ ಜಾಸ್ತಿ, ಮೊದಲ ಅನುಭವಕ್ಕೆ ಬೇಡ. ಜುಲೈನಲ್ಲಿ ಘಟ್ಟದ ಮೇಲೆ ಮಳೆಮೋಡ ದಾಟಿ ಮಂಗಳೂರಿಗೆ ಹೋಗುವ ಧೈರ್ಯವನ್ನೂ ಈಗಲೇ ಮಾಡಬೇಡಿ. ಡಿಸೆಂಬರ್, ಜನವರಿಯಲ್ಲಿ ಬೆಳಿಗ್ಗೆ ಹತ್ತರ ಮೇಲೆ ಹೊರಡುವ ವಿಮಾನ ಒಳ್ಳೆಯದು. ಅದಕ್ಕಿಂತ ಮುಂಚೆ ದೇವನಹಳ್ಳಿಯಲ್ಲಿ ಮಂಜು ಬಿದ್ದು ತಡವಾಗಬಹುದು, ಕಾಯುವಾಗ ಭಯ ಹೆಚ್ಚುತ್ತದೆ.

ನೇರ ವಿಮಾನ ಒಳ್ಳೆಯದಾ, ಮಧ್ಯೆ ಇಳಿದು ಹೋಗುವುದಾ? ಯಾವ ಸೀಟು?

ನಿಮ್ಮ ಭಯ ಯಾವುದು ಎಂಬುದರ ಮೇಲಿದೆ. ಏರುವುದು, ಇಳಿಯುವುದೇ ಭಯ ಎನ್ನುವವರಿಗೆ ಕಡಿಮೆ ನಿಲುಗಡೆ ಮೇಲು. ಮುಚ್ಚಿದ ಜಾಗದ ಭಯ ಇರುವವರಿಗೆ ಮಧ್ಯೆ ಕಾಲು ಚಾಚುವ ಹಾಗಿರಬೇಕು. ದುಬೈ ಮೇಲೆ ಹೋದರೆ ಮೊದಲ ಭಾಗ ಸುಮಾರು 4 ಗಂಟೆ, ಆದರೆ ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಸುಮಾರು 16 ಗಂಟೆ ಒಂದೇ ಸಮ. ಫ್ರಾಂಕ್‌ಫರ್ಟ್ ಮೇಲೆ ಹೋದರೆ ಎರಡು ಭಾಗವೂ ಹತ್ತು, ಹನ್ನೊಂದು ಗಂಟೆಯ ಆಸುಪಾಸು. ಮುಚ್ಚಿದ ಜಾಗ ಆಗದವರಿಗೆ ನಾನು ಎರಡನೆಯದನ್ನೇ ಹೇಳುವುದು. ಮಧ್ಯದ ಊರಿನಲ್ಲಿ ಮೂರು ಗಂಟೆಯಾದರೂ ಬಿಡುವಿರಲಿ.

ರೆಕ್ಕೆಯ ಹತ್ತಿರದ ಸೀಟಿನಲ್ಲಿ ಕುಲುಕಾಟ ಕಡಿಮೆ, ಬಾಲದ ಕಡೆ ಹೆಚ್ಚು. ನಡೆಯುವ ದಾರಿ ಪಕ್ಕದ ಸೀಟು ಹಿರಿಯರಿಗೆ ಒಳ್ಳೆಯದು, ಯಾರನ್ನೂ ಕೇಳದೆ ಏಳಬಹುದು. ನಾಲ್ಕು ಗಂಟೆಗಿಂತ ಹೆಚ್ಚು ಅಲುಗಾಡದೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಸ್ವಲ್ಪ ಏರುತ್ತದೆ. ಬೆಲ್ಟ್ ದೀಪ ಆರಿದ್ದಾಗ ಗಂಟೆಗೊಮ್ಮೆ ಎದ್ದು ನಡೆಯಿರಿ, ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸಿ.

ನಿದ್ದೆ ಮಾತ್ರೆ ತೆಗೆದುಕೊಂಡು ಮಲಗಿಬಿಟ್ಟರೆ ಆಗಲ್ವಾ?

ಪಕ್ಕದ ಮನೆಯವರು ಕೊಟ್ಟ ಮಾತ್ರೆ ಖಂಡಿತ ಬೇಡ. ಆಲ್‌ಪ್ರಜೋಲಮ್‌ನಂಥ ಮಾತ್ರೆಗಳಿಂದ ವಯಸ್ಸಾದವರಿಗೆ ಗೊಂದಲ, ತೂಕಡಿಕೆ ಆಗಿ ಟಾಯ್ಲೆಟ್‌ಗೆ ಹೋಗುವಾಗ ಬೀಳುವ ಅಪಾಯ ಇದೆ. ಅಲುಗಾಡದೆ ಮಲಗಿದರೆ ರಕ್ತ ಹೆಪ್ಪುಗಟ್ಟುವ ತೊಂದರೆ ಬೇರೆ. ಮದ್ಯದ ಜೊತೆ ಸೇರಿದರೆ ಉಸಿರಾಟವೇ ಕುಂದಬಹುದು. ವೈದ್ಯರು ನೋಡಿ ಬರೆದುಕೊಟ್ಟರೆ, ಅವರನ್ನೇ ಕೇಳಿ ಮೊದಲು ಮನೆಯಲ್ಲಿ ಒಂದು ಸಲ ತೆಗೆದುಕೊಂಡು ನೋಡಿ. ಮಾತ್ರೆ ಮತ್ತು ಚೀಟಿ ಎರಡೂ ಕೈಚೀಲದಲ್ಲಿರಲಿ. ದುಬೈ, ಅಬುಧಾಬಿಯಲ್ಲಿ ಇಂಥ ಕೆಲವು ಮಾತ್ರೆ ಒಳಗೆ ತರಲು ಮುಂಚಿತ ಅನುಮತಿ ಬೇಕು. ಆ ದಾರಿಯಲ್ಲಿ ಹೋಗುವವರು ಮೊದಲೇ ವಿಚಾರಿಸಿಕೊಳ್ಳಿ.

ಹೊರಡುವ ದಿನ ಕಾಫಿ ಒಂದು ಲೋಟಕ್ಕೆ ನಿಲ್ಲಿಸಿ. ಜಾಸ್ತಿಯಾದರೆ ಅದೇ ಎದೆ ಹೊಡೆತ ತರುತ್ತದೆ, ನಾವು ಅದನ್ನು ಭಯ ಅಂದುಕೊಳ್ಳುತ್ತೇವೆ.

ಊಟ, ಟಾಯ್ಲೆಟ್‌ನದೇ ಚಿಂತೆ.

ಸಸ್ಯಾಹಾರಿಗಳು "ಏಷ್ಯನ್ ವೆಜಿಟೇರಿಯನ್ ಮೀಲ್" ಎಂದು ಕನಿಷ್ಠ ಒಂದು ದಿನ ಮೊದಲೇ ಹೇಳಿಡಿ. "ಹಿಂದೂ ಮೀಲ್" ಎಂಬ ಹೆಸರು ನೋಡಿ ಆರಿಸಬೇಡಿ, ಅದರಲ್ಲಿ ಸಾಮಾನ್ಯವಾಗಿ ಮಾಂಸ ಇರುತ್ತದೆ. ಕೈಚೀಲದಲ್ಲಿ ಚಕ್ಕುಲಿ, ಕೋಡುಬಳೆ, ಒಣ ಅವಲಕ್ಕಿ ಒಯ್ಯಬಹುದು. ಮೊಸರನ್ನ, ಉಪ್ಪಿನಕಾಯಿಯನ್ನು ತಪಾಸಣೆಯಲ್ಲಿ ತಡೆಯಬಹುದು.

ಟಾಯ್ಲೆಟ್‌ನಲ್ಲಿ ಕಾಗದ ಮಾತ್ರ ಇರುತ್ತದೆ. ಒಂದು ಖಾಲಿ ಬಾಟಲಿ ಇಟ್ಟುಕೊಂಡು ತಪಾಸಣೆ ಮುಗಿದ ಮೇಲೆ ತುಂಬಿಸಿಕೊಳ್ಳಿ. ಫ್ಲಶ್ ಬಹಳ ಜೋರು ಸದ್ದು ಮಾಡುತ್ತದೆ, ಮೊದಲೇ ಗೊತ್ತಿದ್ದರೆ ಬೆಚ್ಚಿ ಬೀಳುವುದಿಲ್ಲ. ಚಿಲಕ ಹಾಕಿದರೆ ಮಾತ್ರ ದೀಪ ಪೂರ್ತಿ ಹತ್ತುತ್ತದೆ. ಒಳಗೆ ಸಿಕ್ಕಿಹಾಕಿಕೊಂಡರೆ ಸಿಬ್ಬಂದಿ ಹೊರಗಿನಿಂದ ತೆಗೆಯಬಲ್ಲರು.

ಅಪ್ಪ ಬರೋದೇ ಇಲ್ಲ ಅಂತಾರೆ. ಮಕ್ಕಳಾಗಿ ನಾವು ಏನು ಮಾಡಬೇಕು?

"ಏನೂ ಆಗಲ್ಲ ಬಿಡಪ್ಪ, ಎಲ್ಲರೂ ಬರ್ತಾರೆ" ಎಂದು ಫೋನಿನಲ್ಲಿ ಹೇಳುವುದನ್ನು ನಿಲ್ಲಿಸಿ. ಅವರಿಗೆ ಅದು "ನೀನೊಬ್ಬನೇ ಹೇಡಿ" ಎಂದು ಕೇಳಿಸುತ್ತದೆ. ತಿಳಿಸದೆ ಟಿಕೆಟ್ ಮಾಡಿಸಿ ಅಚ್ಚರಿ ಕೊಡುವುದಂತೂ ಬೇಡವೇ ಬೇಡ. ಯಾವ ಹಂತ ಕಷ್ಟ ಎಂದು ಕೇಳಿ, ಅಡ್ಡಬಾಯಿ ಹಾಕದೆ ಕೇಳಿಸಿಕೊಳ್ಳಿ. ಬರುವಾಗ ಜೊತೆಗೆ ನೀವೇ ಬಂದು ಕರೆದುಕೊಂಡು ಹೋಗಲು ಆಗುತ್ತದಾ ನೋಡಿ. ಆಗದಿದ್ದರೆ ಅದೇ ದಿನ ಹೊರಡುವ ಪರಿಚಯದವರನ್ನು ಹುಡುಕಿ, ಅಮೆರಿಕದ ಕನ್ನಡ ಕೂಟಗಳಲ್ಲಿ ಕೇಳಿದರೆ ಸಿಗುತ್ತಾರೆ. ಇಮಿಗ್ರೇಶನ್ ಅಧಿಕಾರಿ ಕೇಳುವ ಪ್ರಶ್ನೆಗಳಿಗೆ ಉತ್ತರ, ನಿಮ್ಮ ವಿಳಾಸ, ಫೋನ್ ನಂಬರ್ ಎಲ್ಲವನ್ನೂ ಒಂದು ಹಾಳೆಯಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆದು ಕಳಿಸಿ. ಅವರಿಗಿಷ್ಟದ ಹಾಡು, ಸಿನಿಮಾ, ಪ್ರವಚನಗಳನ್ನು ಮೊಬೈಲ್‌ಗೆ ಇಳಿಸಿಕೊಡಿ. ವಿಮಾನದ ಪರದೆಯಲ್ಲಿ ಕನ್ನಡ ಸಿಗುತ್ತದೆಂದು ನಂಬಿ ಕೂರಬೇಡಿ.

ಇಷ್ಟೆಲ್ಲ ಮಾಡಿದ ಮೇಲೂ ಬೇಡ ಎಂದರೆ, ಈ ವರ್ಷ ನೀವೇ ಊರಿಗೆ ಹೋಗಿ ಬನ್ನಿ. ಬೈದು ಕರೆಸಿಕೊಂಡರೆ ವಾಪಸ್ ಹೋಗುವ ದಿನದವರೆಗೂ ಅದೇ ಕೊರಗು ಇರುತ್ತದೆ.

ಇದ್ಯಾವುದರಿಂದಲೂ ಆಗಲಿಲ್ಲ ಅಂದರೆ ಯಾರ ಹತ್ತಿರ ಹೋಗಬೇಕು?

ಟಿಕೆಟ್ ಹೆಸರೆತ್ತಿದರೆ ವಾಂತಿ ಬರುವುದು, ವಾರಗಟ್ಟಲೆ ನಿದ್ದೆ ಇಲ್ಲದಿರುವುದು, ಹಿಂದೆ ವಿಮಾನ ನಿಲ್ದಾಣದಿಂದಲೇ ವಾಪಸ್ ಬಂದಿರುವುದು, ಇಷ್ಟಿದ್ದರೆ ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ನೋಡಿ. ಆಲೋಚನೆಯ ಜಾಡು ಬದಲಿಸುವ, ಭಯದ ವಸ್ತುವಿಗೆ ಮೆಲ್ಲಮೆಲ್ಲಗೆ ಒಗ್ಗಿಸುವ ಚಿಕಿತ್ಸೆ ಇಂಥ ಭಯಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಇದೆ, ಅನೇಕ ಜಿಲ್ಲಾ ಆಸ್ಪತ್ರೆಗಳಲ್ಲೂ ಮನೋವೈದ್ಯ ವಿಭಾಗ ಇದೆ. ಮನೆಯಿಂದಲೇ ಮಾತಾಡಬೇಕೆಂದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ದಿನದ ಯಾವ ಹೊತ್ತಿಗಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಹೋಗಿದ್ದಾಯಿತು. ವಾಪಸ್ ಬರುವಾಗ ಮತ್ತೆ ಭಯ ಆಗುತ್ತಿದೆಯಲ್ಲ?

ಆಗುತ್ತದೆ. ಐದಾರು ತಿಂಗಳು ನೆಲದ ಮೇಲೇ ಇದ್ದು ಅಭ್ಯಾಸ ತಪ್ಪಿರುತ್ತದೆ, ಜೊತೆಗೆ ಮೊಮ್ಮಗುವನ್ನು ಬಿಟ್ಟು ಹೊರಡುವ ಸಂಕಟ. ಎರಡೂ ಒಂದೇ ಸಲ ಬಂದಾಗ ಯಾವುದು ಭಯ, ಯಾವುದು ದುಃಖ ಎಂದು ಗೊತ್ತಾಗುವುದಿಲ್ಲ. ಅಳಬೇಕಾದ್ದನ್ನು ಮನೆಯಲ್ಲೇ ಅತ್ತು ಮುಗಿಸಿ. ಹೊರಡುವ ಎರಡು ವಾರ ಮೊದಲು ಉಸಿರಿನ ಅಭ್ಯಾಸ ಮತ್ತೆ ಶುರು ಮಾಡಿ, ಸದ್ದುಗಳ ಚೀಟಿಯನ್ನು ಕೈಚೀಲಕ್ಕೆ ಹಾಕಿಕೊಳ್ಳಿ, ವೀಲ್‌ಚೇರ್ ಸಹಾಯ ವಾಪಸ್ ಟಿಕೆಟ್‌ಗೂ ಇದೆಯಾ ಎಂದು ಮಕ್ಕಳ ಕೈಲಿ ಒಮ್ಮೆ ನೋಡಿಸಿಕೊಳ್ಳಿ. ಹೋಗುವಾಗ ಮಾತ್ರ ಹಾಕಿ ಬರುವಾಗಿನದನ್ನು ಮರೆತುಬಿಡುವುದು ಎಷ್ಟೋ ಸಲ ಆಗುತ್ತದೆ.